ನೂರ ಇಪ್ಪತ್ತಾರು ಸೆಲ್‌ಗಳ ಕಾರು

(ವಾಹನ ಬಿಡಿಭಾಗ ತಯಾರಿಸುವ ಸಣ್ಣ ಉದ್ದಿಮೆದಾರರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಜಗತ್ತಿನ ಕಾರು ಉದ್ಯಮದ ಬಗ್ಗೆ ಮಾತಾಡಿ ಎಂದಿದ್ದೀರಿ. ವಿಷಯ ದೊಡ್ಡದು. ಹಾಗಾಗಿ ಒಂದೇ ಒಂದು ಕಾರಿನ ಅಡಿಭಾಗ ಬಿಚ್ಚಿ ನೋಡುವುದರಿಂದ ಶುರು ಮಾಡೋಣ. ಚೀನಾದ ಬಿವೈಡಿ ಕಂಪನಿಯ ಅಟ್ಟೊ 3 ಎಂಬ ಕಾರು 2022ರಿಂದ ನಮ್ಮ ರಸ್ತೆಗಳಲ್ಲೂ ಇದೆ. ಅದರ ನೆಲದಡಿಯಲ್ಲಿ ಮಂಚದಷ್ಟು ಅಗಲದ ಬ್ಯಾಟರಿ ಪೆಟ್ಟಿಗೆಯಿದೆ. ಮುಚ್ಚಳ ತೆಗೆದರೆ ಕಾಣುವುದು 126 ಸೆಲ್‌ಗಳು. ಉದ್ದನೆಯ, ಚಪ್ಪಟೆಯಾದ ಸೆಲ್‌ಗಳನ್ನು ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಸಾಲಾಗಿ ನಿಲ್ಲಿಸಿದ್ದಾರೆ. ಒಂದೊಂದು ಸೆಲ್ಲು 3.2 ವೋಲ್ಟ್, 150 ಆಂಪಿಯರ್ ಅವರ್. ಗುಣಿಸಿದರೆ 480 ವಾಟ್ ಅವರ್. ಅದನ್ನು 126ರಿಂದ ಗುಣಿಸಿ: 60.48 ಕಿಲೋವಾಟ್ ಅವರ್. ಎಲ್ಲವೂ ಒಂದೇ ಸರಣಿಯಲ್ಲಿರುವುದರಿಂದ ಒಟ್ಟು 403 ವೋಲ್ಟ್.

ಈ ಪೆಟ್ಟಿಗೆಯಲ್ಲಿ ಇಲ್ಲದ ಒಂದು ವಸ್ತುವೇ ಇವತ್ತಿನ ಪೈಪೋಟಿಯನ್ನು ಅರ್ಥ ಮಾಡಿಸುತ್ತದೆ. ಮೊದಲೆಲ್ಲ ಹತ್ತಿಪ್ಪತ್ತು ಸೆಲ್‌ಗಳನ್ನು ಒಂದು ಡಬ್ಬಿಗೆ ತುಂಬಿ ಅದನ್ನು ಮಾಡ್ಯೂಲ್ ಎನ್ನುತ್ತಿದ್ದರು. ಅಂಥ ಡಬ್ಬಿಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ಡಬ್ಬಿಯ ಗೋಡೆ, ಬೋಲ್ಟು, ವೈರು, ನಡುವಿನ ಸಂದು ಎಲ್ಲ ಸೇರಿ ಜಾಗ ತಿನ್ನುತ್ತಿದ್ದವು. ಬಿವೈಡಿ 2020ರಲ್ಲಿ ತಂದ ಬ್ಲೇಡ್ ವಿನ್ಯಾಸ ಮಾಡ್ಯೂಲನ್ನೇ ತೆಗೆದುಹಾಕಿತು. ಒಂದು ಮೀಟರಿಗೆ ಹತ್ತಿರ ಉದ್ದವಿರುವ ಸೆಲ್ಲೇ ಪೆಟ್ಟಿಗೆಯ ಅಡ್ಡತೊಲೆಯ ಕೆಲಸವನ್ನೂ ಮಾಡುತ್ತದೆ.

ಇದು ಯಾಕೆ ಮುಖ್ಯ? ಇದರೊಳಗಿನ ರಸಾಯನ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ಕಾಗದದ ಮೇಲೆ ಇದು ನಿಕಲ್-ಕೋಬಾಲ್ಟ್ ಸೆಲ್ಲಿಗಿಂತ ಕೆಳಗೆ. ಒಳ್ಳೆಯ ನಿಕಲ್ ಸೆಲ್ಲು ಕಿಲೋಗೆ ಸುಮಾರು 250 ವಾಟ್ ಅವರ್ ಕೊಟ್ಟರೆ ಇದು 160-180 ಕೊಡುತ್ತದೆ. ಆದರೆ ಇದರಲ್ಲಿ ನಿಕಲ್ ಇಲ್ಲ, ಕೋಬಾಲ್ಟ್ ಇಲ್ಲ. ಅಗ್ಗ, ಬಾಳಿಕೆ ಜಾಸ್ತಿ, ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ. ಮಾಡ್ಯೂಲ್ ತೆಗೆದು ಉಳಿಸಿದ ಜಾಗಕ್ಕೆ ಹೆಚ್ಚು ಸೆಲ್ ತುಂಬಿ ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿಕೊಂಡರು. ಎಲ್‌ಎಫ್‌ಪಿಯನ್ನು ಕಂಡುಹಿಡಿದದ್ದು ಅಮೆರಿಕದಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಅವರ ಪ್ರಯೋಗಾಲಯದಲ್ಲಿ, 1990ರ ದಶಕದ ಕೊನೆಯಲ್ಲಿ. ಅವರಿಗೆ 2019ರಲ್ಲಿ ನೊಬೆಲ್ ಬಂತು. ಆ ಪುಡಿಯನ್ನು ಟನ್‌ಗಟ್ಟಲೆ, ಒಂದೇ ಗುಣಮಟ್ಟದಲ್ಲಿ, ಅಗ್ಗವಾಗಿ ಮಾಡುವುದನ್ನು ಕಲಿತದ್ದು ಚೀನಾ.

ನಮ್ಮ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇವೆ. ವಿದ್ಯುತ್ ಕಾರಿನ ಪೈಪೋಟಿ ತೀರ್ಮಾನವಾಗುತ್ತಿರುವುದು ಸೆಲ್ ಕಾರ್ಖಾನೆಯ ನೆಲದ ಮೇಲೆ. ಸುಂಕ, ಸಹಾಯಧನ, ಜಾಹೀರಾತು ಎಲ್ಲವೂ ಅದರ ಸುತ್ತ ಸುತ್ತುವ ಸಂಗತಿಗಳು.

ಬ್ಯಾಟರಿಯ ಬೆಲೆ ನೋಡಿ. 2010ರಲ್ಲಿ ಒಂದು ಕಿಲೋವಾಟ್ ಅವರ್‌ಗೆ ಸಾವಿರ ಡಾಲರಿಗಿಂತ ಹೆಚ್ಚಿತ್ತು. 2024ರಲ್ಲಿ ಜಗತ್ತಿನ ಸರಾಸರಿ 115 ಡಾಲರ್, ಚೀನಾದಲ್ಲಿ 94. ಅರವತ್ತು ಕಿಲೋವಾಟ್ ಅವರ್‌ನ ಕಾರಿಗೆ ಈ 21 ಡಾಲರ್ ವ್ಯತ್ಯಾಸವೇ ಒಂದು ಲಕ್ಷ ರೂಪಾಯಿ ದಾಟುತ್ತದೆ. ಹತ್ತು ಲಕ್ಷದ ಕಾರು ಮಾರುವವನಿಗೆ ಒಂದು ಲಕ್ಷ ಎಂದರೆ ಇಡೀ ಲಾಭ.

ಈಗ ಸೆಲ್ ಕಾರ್ಖಾನೆಯೊಳಗೆ ಹೋಗೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯುತ್ತೇವೆ, ಯಾಕೆಂದರೆ ಎಡವುವುದೆಲ್ಲ ಇಲ್ಲೇ.

ಮೊದಲು ಕಲಸುವ ಕೆಲಸ. ಎಲ್‌ಎಫ್‌ಪಿ ಪುಡಿ, ವಿದ್ಯುತ್ ಹರಿಯಲು ಒಂದಿಷ್ಟು ಕಾರ್ಬನ್ ಮಸಿ, ಅಂಟಿಗೆ ಪಿವಿಡಿಎಫ್ ಎಂಬ ಪಾಲಿಮರ್. ಇವನ್ನು ಎನ್‌ಎಂಪಿ ಎಂಬ ದ್ರಾವಕದಲ್ಲಿ ಕಲಸಿ ದೋಸೆಹಿಟ್ಟಿನ ಹದಕ್ಕೆ ತರುತ್ತಾರೆ. ಗಂಟು ಉಳಿಯಬಾರದು, ಗಾಳಿಗುಳ್ಳೆ ಇರಬಾರದು. ಈ ಹಿಟ್ಟನ್ನು 12-15 ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ಹಾಳೆಯ ಎರಡೂ ಬದಿಗೆ ಬಳಿಯಬೇಕು. ಇನ್ನೊಂದು ಧ್ರುವಕ್ಕೆ ಗ್ರಾಫೈಟ್ ಹಿಟ್ಟು, 6-8 ಮೈಕ್ರಾನ್ ತಾಮ್ರದ ಹಾಳೆಯ ಮೇಲೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅದರ ಹತ್ತನೇ ಒಂದು ಭಾಗದಷ್ಟು ತೆಳುವಾದ ತಾಮ್ರ, ನಿಮಿಷಕ್ಕೆ ಹತ್ತಾರು ಮೀಟರ್ ವೇಗದಲ್ಲಿ, ಹರಿಯದೆ, ಸುಕ್ಕಾಗದೆ ಓಡಬೇಕು.

ಬಳಿದ ಹಾಳೆ ಹತ್ತಾರು ಮೀಟರ್ ಉದ್ದದ ಒಣಗಿಸುವ ಒಲೆಯೊಳಗೆ ಹೋಗುತ್ತದೆ. ಹೊಸ ಕಾರ್ಖಾನೆಗಳು ಮೊದಲು ಸೋಲುವ ಜಾಗಗಳಲ್ಲಿ ಇದೂ ಒಂದು. ಉತ್ಪಾದನೆ ಹೆಚ್ಚಿಸುವ ಆತುರದಲ್ಲಿ ಒಲೆಯ ಬಿಸಿ ಏರಿಸಿದರೆ ದ್ರಾವಕ ಥಟ್ಟನೆ ಮೇಲಕ್ಕೆ ಹೊರಡುತ್ತದೆ, ಜೊತೆಗೆ ಅಂಟನ್ನೂ ಮೇಲಕ್ಕೆ ಎಳೆದೊಯ್ಯುತ್ತದೆ. ಮೇಲ್ಪದರದಲ್ಲಿ ಅಂಟು ಜಾಸ್ತಿ, ಹಾಳೆಗೆ ತಾಗುವ ತಳದಲ್ಲಿ ಕಡಿಮೆ. ನೋಡಲು ಚೆನ್ನಾಗಿಯೇ ಇರುತ್ತದೆ. ಮುಂದೆ ರೋಲರ್‌ಗಳ ನಡುವೆ ಒತ್ತುವಾಗ, ಪಟ್ಟಿ ಕತ್ತರಿಸುವಾಗ ಹಪ್ಪಳದ ಅಂಚಿನಂತೆ ಉದುರುತ್ತದೆ. ನಿಧಾನ ಒಣಗಿಸಿದರೆ ಗುಣಮಟ್ಟ ಬರುತ್ತದೆ, ದಿನದ ಲೆಕ್ಕ ಹುಟ್ಟುವುದಿಲ್ಲ. ಒಲೆಯ ಪ್ರತಿ ವಲಯದ ಬಿಸಿ, ಗಾಳಿಯ ವೇಗ, ಹಾಳೆಯ ಓಟ, ಈ ಮೂರರ ಹೊಂದಾಣಿಕೆ ಕಾರ್ಖಾನೆಯಿಂದ ಕಾರ್ಖಾನೆಗೆ, ಪುಡಿಯಿಂದ ಪುಡಿಗೆ ಬೇರೆ. ಇದನ್ನು ಯಂತ್ರ ಮಾರಿದವನು ಬರೆದುಕೊಡುವುದಿಲ್ಲ.

ರೋಲರ್ ಒತ್ತಡ ಹೆಚ್ಚಾದರೆ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗಿ ಎಲೆಕ್ಟ್ರೊಲೈಟ್, ಅಂದರೆ ಲಿಥಿಯಂ ಹೊತ್ತೊಯ್ಯುವ ದ್ರವ, ಒಳಗೆ ಇಳಿಯುವುದಿಲ್ಲ. ಕಡಿಮೆಯಾದರೆ ಅಷ್ಟೇ ಜಾಗದಲ್ಲಿ ಕಡಿಮೆ ಶಕ್ತಿ. ಆಮೇಲೆ ಕತ್ತರಿಸುವುದು. ಬ್ಲೇಡಿನ ಮೊನೆ ಸವೆದರೆ ಅಂಚಿನಲ್ಲಿ ಬರ್, ಅಂದರೆ ಲೋಹದ ಸಣ್ಣ ಮುಳ್ಳು, ಏಳುತ್ತದೆ ಎನ್ನುವುದು ಪ್ರೆಸ್ ಶಾಪ್ ನಡೆಸುವ ನಿಮಗೆ ಹೊಸದೇನಲ್ಲ. ವ್ಯತ್ಯಾಸ ಏನೆಂದರೆ, ಇಲ್ಲಿ ಎರಡು ಧ್ರುವಗಳ ನಡುವಿನ ಪ್ಲಾಸ್ಟಿಕ್ ಪರದೆ ಬರೀ 10-16 ಮೈಕ್ರಾನ್. ಕಣ್ಣಿಗೆ ಕಾಣದ ಬರ್ ಒಂದು ಅದನ್ನು ಚುಚ್ಚಿದರೆ ಸೆಲ್ಲಿನೊಳಗೇ ಶಾರ್ಟ್. ಇನ್ನು ಗ್ರಾಫೈಟ್ ಹಾಳೆ ಎದುರಿನ ಹಾಳೆಗಿಂತ ಸುತ್ತಲೂ ಒಂದೆರಡು ಮಿಲಿಮೀಟರ್ ದೊಡ್ಡದಿರಲೇಬೇಕು. ಜೋಡಿಸುವಾಗ ಸ್ವಲ್ಪ ಜರುಗಿದರೂ, ಸೇರಲು ಜಾಗ ಸಿಗದ ಲಿಥಿಯಂ ಅಂಚಿನಲ್ಲಿ ಲೋಹವಾಗಿ ಕಟ್ಟಿಕೊಂಡು ಸೂಜಿಯಂತೆ ಬೆಳೆಯುತ್ತದೆ.

ಎಲೆಕ್ಟ್ರೊಲೈಟ್ ತುಂಬುವ ಕೋಣೆಯ ಗಾಳಿಯಲ್ಲಿ ತೇವ ಇರಕೂಡದು. ಅಲ್ಲಿ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣತೆ, ಮೈನಸ್ 40 ಡಿಗ್ರಿ ಸೆಲ್ಸಿಯಸ್ ಮಟ್ಟದಲ್ಲಿರುತ್ತದೆ. ಕೆಲಸಗಾರರ ಉಸಿರೂ ಬೆವರೂ ತೇವದ ಲೆಕ್ಕಕ್ಕೆ ಸೇರುತ್ತವೆ, ಹಾಗಾಗಿ ಒಳಗೆ ಎಷ್ಟು ಜನ ಇರಬೇಕು ಎಂಬುದಕ್ಕೂ ಮಿತಿ ಇದೆ. ಎಲೆಕ್ಟ್ರೊಲೈಟಿನ ಲಿಥಿಯಂ ಲವಣಕ್ಕೆ ನೀರು ತಾಗಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟಿ ಸೆಲ್ಲನ್ನು ಒಳಗಿನಿಂದಲೇ ತಿನ್ನುತ್ತದೆ. ಬೆಂಗಳೂರಿನ ಜುಲೈ ತಿಂಗಳ ಗಾಳಿಯನ್ನು ಆ ಮಟ್ಟಕ್ಕೆ ಒಣಗಿಸಲು ಬೇಕಾದ ವಿದ್ಯುತ್ತಿನ ಬಿಲ್ಲು, ಇಲ್ಲಿ ಸೆಲ್ ಕಾರ್ಖಾನೆ ಹಾಕುವವರು ಮೊದಲು ಬರೆದಿಟ್ಟುಕೊಳ್ಳಬೇಕಾದ ಖರ್ಚು.

ಕೊನೆಗೆ ಮೊದಲ ಚಾರ್ಜಿಂಗ್. ಅತಿ ನಿಧಾನವಾಗಿ ಚಾರ್ಜ್ ಮಾಡಿದಾಗ ಗ್ರಾಫೈಟ್ ಮೇಲೆ ಒಂದು ರಕ್ಷಣಾ ಪೊರೆ ಕಟ್ಟುತ್ತದೆ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಆತುರಪಟ್ಟರೆ ಪೊರೆ ಹರಕಲಾಗುತ್ತದೆ, ಸೆಲ್ಲಿನ ಆಯುಷ್ಯ ಕಡಿಮೆಯಾಗುತ್ತದೆ. ನಂತರ ಸೆಲ್‌ಗಳನ್ನು ಚರಣಿಗೆಗಳ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ಎರಡು ಮೂರು ವಾರ ಸುಮ್ಮನೆ ಇಡುತ್ತಾರೆ. ವೋಲ್ಟೇಜ್ ಒಂದೆರಡು ಮಿಲಿವೋಲ್ಟ್ ಹೆಚ್ಚಿಗೆ ಇಳಿದರೂ ಆ ಸೆಲ್ಲು ತಿರಸ್ಕೃತ.

ಕಷ್ಟದ ತಿರುಳು ಇರುವುದು ಇಲ್ಲೇ. ಮೊದಲ ದಿನ ಹಿಟ್ಟು ಕಲಸುವಾಗ ಆದ ತಪ್ಪು ಗೊತ್ತಾಗುವುದು ಮೂರು ವಾರದ ನಂತರ. ಅಷ್ಟರಲ್ಲಿ ಅದೇ ತಪ್ಪಿನ ಹಾಳೆ ಕಿಲೋಮೀಟರ್‌ಗಟ್ಟಲೆ ಓಡಿ ಹೋಗಿರುತ್ತದೆ. ಲೇತ್‌ನಲ್ಲಿ ಒಂದು ಪೀಸ್ ತೆಗೆದು ಮೈಕ್ರೊಮೀಟರ್ ಹಿಡಿದು, ಆಫ್‌ಸೆಟ್ ತಿದ್ದಿ ಮುಂದಿನ ಪೀಸ್‌ಗೆ ಹೋಗುವ ಅನುಕೂಲ ಇಲ್ಲಿಲ್ಲ. ಸರಳ ಲೆಕ್ಕ ಒಂದು: ಹತ್ತು ಹಂತಗಳಿವೆ, ಪ್ರತಿ ಹಂತದಲ್ಲೂ ನೂರಕ್ಕೆ 99 ಸರಿ ಬಂತು ಎಂದಿಟ್ಟುಕೊಳ್ಳಿ. ಕೊನೆಗೆ ಉಳಿಯುವುದು 90. ಪ್ರತಿ ಹಂತದಲ್ಲಿ 97 ಬಂದರೆ ಉಳಿಯುವುದು 74. ತೊಂಬತ್ತಕ್ಕೂ ಎಪ್ಪತ್ನಾಲ್ಕಕ್ಕೂ ನಡುವೆ ಇರುವುದು ಲಾಭ ಮತ್ತು ದಿವಾಳಿಯ ಅಂತರ.

ಸ್ವೀಡನ್ನಿನ ನಾರ್ತ್‌ವೋಲ್ಟ್ ಅದಕ್ಕೆ ಸಾಕ್ಷಿ. ಟೆಸ್ಲಾದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು 2016ರಲ್ಲಿ ಕಟ್ಟಿದ ಕಂಪನಿ. ಯುರೋಪಿನ ಸ್ವಂತ ಬ್ಯಾಟರಿ ಎಂಬ ಕನಸು, 1,500 ಕೋಟಿ ಡಾಲರ್ ಮೀರಿದ ಬಂಡವಾಳ, ಶೆಲೆಫ್ಟಿಯೋದಲ್ಲಿ ಅಗ್ಗದ ಜಲವಿದ್ಯುತ್ತು, ಕಾದು ನಿಂತ ಗಿರಾಕಿಗಳು. ಯಾವುದಕ್ಕೂ ಕೊರತೆಯಿರಲಿಲ್ಲ. ಹೇಳಿದಷ್ಟು ಸೆಲ್ಲು, ಹೇಳಿದ ಗುಣಮಟ್ಟದಲ್ಲಿ, ಹೇಳಿದ ಹೊತ್ತಿಗೆ ಹೊರಬರಲಿಲ್ಲ. 2024ರಲ್ಲಿ ಬಿಎಂಡಬ್ಲ್ಯು 200 ಕೋಟಿ ಯುರೋ ಆರ್ಡರ್ ಹಿಂದಕ್ಕೆ ಪಡೆಯಿತು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಒಂದು ಮಾರ್ಗದಲ್ಲಿ ಉತ್ಪಾದನೆ ಹದಕ್ಕೆ ಬರುವ ಮೊದಲೇ ಜರ್ಮನಿ, ಕೆನಡಾ ಎಂದು ಹೊಸ ಕಾರ್ಖಾನೆಗಳಿಗೆ ಕೈಹಾಕಿದ್ದು ಅವರು ಮಾಡಿದ ದೊಡ್ಡ ತಪ್ಪು ಎಂದು ನಾವು ತಿಳಿಯುತ್ತೇವೆ. ಅನುಭವ ಇದ್ದವರೂ ಎಡವುತ್ತಾರೆ. ಜನರಲ್ ಮೋಟಾರ್ಸ್‌ನ ಬೋಲ್ಟ್ ಕಾರುಗಳಲ್ಲಿ ಬೆಂಕಿ ಕಾಣಿಸಿಕೊಂಡಾಗ ಕಾರಣ ಹುಡುಕಿದರೆ ಸಿಕ್ಕಿದ್ದು ಎರಡು: ಹರಿದ ಆನೋಡ್ (ಗ್ರಾಫೈಟ್ ಧ್ರುವ) ಪಟ್ಟಿ, ಮಡಚಿಕೊಂಡ ಪರದೆ. ಎರಡೂ ಒಂದೇ ಸೆಲ್ಲಿನಲ್ಲಿ ಸೇರಿದರೆ ಅಪಾಯ. 2021ರಲ್ಲಿ ಸುಮಾರು 1.4 ಲಕ್ಷ ಕಾರುಗಳನ್ನು ವಾಪಸು ಕರೆಸಬೇಕಾಯಿತು. ಸೆಲ್ ಕೊಟ್ಟ ಎಲ್‌ಜಿ 190 ಕೋಟಿ ಡಾಲರ್‌ವರೆಗೆ ಭರಿಸಲು ಒಪ್ಪಿತು.

ಚೀನಾ ಈ ಕೈಚಳಕ ಕಲಿತದ್ದು ಹೇಗೆ? ಸಹಾಯಧನದಿಂದ ಎನ್ನುವುದು ಅರ್ಧ ಉತ್ತರ. ಸಹಾಯಧನ ಎಲ್ಲ ದೇಶಗಳೂ ಕೊಟ್ಟಿವೆ. ಚೀನಾ ಕೊಟ್ಟ ಕ್ರಮ ಬೇರೆ. 2009ರಲ್ಲಿ ಆಯ್ದ ನಗರಗಳ ಬಸ್ಸು, ಟ್ಯಾಕ್ಸಿಗಳಿಂದ ಶುರು ಮಾಡಿದರು. 2015ರಿಂದ 2019ರವರೆಗೆ, ಸರ್ಕಾರದ ಪಟ್ಟಿಯಲ್ಲಿರುವ ಬ್ಯಾಟರಿ ಹಾಕಿದ ಕಾರಿಗಷ್ಟೇ ಸಹಾಯಧನ ಎಂದರು. ಕೊರಿಯಾದ ಕಂಪನಿಗಳು ಆ ಪಟ್ಟಿಯಲ್ಲಿರಲಿಲ್ಲ. ಫೂಜಿಯನ್ ಪ್ರಾಂತ್ಯದ ನಿಂಗ್ಡೆಯಲ್ಲಿ 2011ರಲ್ಲಿ ಹುಟ್ಟಿದ ಸಿಎಟಿಎಲ್ ಆ ನಾಲ್ಕು ವರ್ಷಗಳಲ್ಲಿ ಜಗತ್ತಿನ ಅತಿದೊಡ್ಡ ಬ್ಯಾಟರಿ ಕಂಪನಿಯಾಯಿತು. ಅಷ್ಟಾದ ಮೇಲೆ ಬಾಗಿಲು ತೆರೆದರು. ಟೆಸ್ಲಾಗೆ ಸ್ಥಳೀಯ ಪಾಲುದಾರರಿಲ್ಲದೆ ಶಾಂಘೈಯಲ್ಲಿ ಕಾರ್ಖಾನೆ ಹಾಕಲು ಬಿಟ್ಟರು. 2019ರ ಜನವರಿಯಲ್ಲಿ ಕೆಲಸ ಶುರುವಾಗಿ ಅದೇ ಡಿಸೆಂಬರಿನಲ್ಲಿ ಕಾರು ಹೊರಬಂತು. ಮೊದಲು ಗರಡಿಯಲ್ಲಿ ಸಾಕಿ, ಮೈ ಗಟ್ಟಿಯಾದ ಮೇಲೆ ಹೊರಗಿನ ಪೈಲ್ವಾನನನ್ನು ಅಖಾಡಕ್ಕೆ ಕರೆದ ಹಾಗೆ. ಟೆಸ್ಲಾಗೆ ಬಿಡಿಭಾಗ ಕೊಡಲು ಕಲಿತ ಸುತ್ತಲಿನ ಕಾರ್ಖಾನೆಗಳು ಅದೇ ಮಟ್ಟದ ಭಾಗಗಳನ್ನು ಚೀನಾದ ಕಂಪನಿಗಳಿಗೂ ಕೊಟ್ಟವು.

ಫಲ ಎದುರಿಗಿದೆ. 2023ರಲ್ಲಿ ಚೀನಾ ಜಪಾನನ್ನು ಹಿಂದಿಕ್ಕಿ ಅತಿ ಹೆಚ್ಚು ವಾಹನ ರಫ್ತು ಮಾಡುವ ದೇಶವಾಯಿತು. ಮೊಬೈಲ್ ಬ್ಯಾಟರಿ ಮಾಡಲು 1995ರಲ್ಲಿ ಶೆನ್‌ಜೆನ್‌ನಲ್ಲಿ ಹುಟ್ಟಿದ ಬಿವೈಡಿ 2024ರಲ್ಲಿ ಸುಮಾರು 42.7 ಲಕ್ಷ ವಾಹನ ಮಾರಿತು. ಪೂರ್ಣ ವಿದ್ಯುತ್ ಕಾರುಗಳಲ್ಲಿ 2025ರಲ್ಲಿ ಅದು ಸುಮಾರು 22.6 ಲಕ್ಷ, ಟೆಸ್ಲಾ ಸುಮಾರು 16.4 ಲಕ್ಷ.

ಇದಕ್ಕೆ ಪಶ್ಚಿಮದ ಉತ್ತರ ಸುಂಕ. ಯುರೋಪ್ ಒಕ್ಕೂಟ 2024ರ ಅಕ್ಟೋಬರ್ ಕೊನೆಯಲ್ಲಿ, ಮೊದಲಿದ್ದ ಶೇ 10ರ ಮೇಲೆ ಬಿವೈಡಿಗೆ ಶೇ 17, ಗೀಲಿಗೆ ಶೇ 18.8, ಎಸ್‌ಎಐಸಿಗೆ ಶೇ 35.3 ಸೇರಿಸಿತು. ಗೋಡೆ ಎತ್ತರವಾಗಿಯೇ ಇದೆ. ಆದರೆ ಅದು ಪೂರ್ಣ ವಿದ್ಯುತ್ ಕಾರಿಗೆ ಮಾತ್ರ. ಎಂಜಿನ್ನೂ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಪ್ಲಗ್-ಇನ್ ಹೈಬ್ರಿಡ್ ಹೊರಗುಳಿಯಿತು. ಚೀನಾದ ಕಂಪನಿಗಳು ಆ ಕಿಂಡಿಯಿಂದ ಹೈಬ್ರಿಡ್ ಕಳಿಸಲು ಶುರು ಮಾಡಿದವು, ಜೊತೆಗೆ ಹಂಗೇರಿಯ ಸೆಗೆಡ್‌ನಲ್ಲಿ ಬಿವೈಡಿ, ಡೆಬ್ರೆಸೆನ್‌ನಲ್ಲಿ ಸಿಎಟಿಎಲ್ ಸುಂಕಕ್ಕೂ ಮೊದಲೇ ಕೈಹಾಕಿದ್ದ ಕಾರ್ಖಾನೆಗಳನ್ನು ಕಟ್ಟುತ್ತಾ ಹೋದವು. ಸುಂಕವೇ ಬೇಡ ಎನ್ನುವವರಲ್ಲ ನಾವು. ಸುಂಕ ಕೊಡುವುದು ಸಮಯ. ಆ ಸಮಯದಲ್ಲಿ ಸೆಲ್ ಮಾಡುವುದು ಕಲಿಯದಿದ್ದರೆ ಕೊಳ್ಳುವವನಿಗೆ ದುಬಾರಿ ಕಾರು ಉಳಿಯುತ್ತದೆ, ಅಷ್ಟೇ. ಅಮೆರಿಕ ಇನ್ನೂ ಮುಂದೆ ಹೋಗಿ 2024ರಲ್ಲಿ ಶೇ 100 ಸುಂಕ ಹಾಕಿತು. ಒಂದು ಸರ್ಕಾರ ಮುಂದುವರಿಸಿದ 7,500 ಡಾಲರ್ ತೆರಿಗೆ ವಿನಾಯಿತಿಯನ್ನು ಮುಂದಿನ ಸರ್ಕಾರ 2025ರ ಸೆಪ್ಟೆಂಬರ್ 30ಕ್ಕೆ ನಿಲ್ಲಿಸಿತು. ಆ ಡಿಸೆಂಬರಿನಲ್ಲಿ ಫೋರ್ಡ್ ತನ್ನ ವಿದ್ಯುತ್ ಯೋಜನೆಗಳಿಗೆ ಸಂಬಂಧಿಸಿ ಸುಮಾರು 1,950 ಕೋಟಿ ಡಾಲರ್ ನಷ್ಟ ಬರೆದುಕೊಳ್ಳುವುದಾಗಿ ಹೇಳಿತು. ಕಾರ್ಖಾನೆ ಹದಕ್ಕೆ ಬರಲು ಐದು ವರ್ಷ ಬೇಕಾದ ಉದ್ಯಮದಲ್ಲಿ ನಾಲ್ಕು ವರ್ಷಕ್ಕೊಮ್ಮೆ ದಿಕ್ಕು ಬದಲಿಸುವುದು ಎಂಜಿನಿಯರುಗಳಿಗೆ ಮಾಡುವ ಅನ್ಯಾಯ.

ವೇಗದ ಬಗ್ಗೆಯೂ ಒಂದು ಮಾತು. ಯುರೋಪಿನಲ್ಲಿ ಹೊಸ ಕಾರೊಂದು ಕಾಗದದಿಂದ ರಸ್ತೆಗೆ ಬರಲು ನಾಲ್ಕು ವರ್ಷ ಹಿಡಿಯುವುದು ಸಾಮಾನ್ಯವಾಗಿತ್ತು. ಚೀನಾದಲ್ಲಿ ಅದು ಎರಡು ವರ್ಷದ ಆಸುಪಾಸು. ಬ್ಯಾಟರಿ, ಮೋಟಾರು, ಇನ್ವರ್ಟರ್ ಮನೆಯಲ್ಲೇ ಮಾಡುವುದು ಒಂದು ಕಾರಣ. ಶಾಂಘೈ, ಸುಝೌ, ನಿಂಗ್ಬೋ ಸುತ್ತಲಿನ ಪೂರೈಕೆದಾರರು ಕೆಲವೇ ಗಂಟೆಗಳ ದಾರಿಯಲ್ಲಿರುವುದು ಇನ್ನೊಂದು. ಬೆಳಿಗ್ಗೆ ಬದಲಿಸಿದ ನಕ್ಷೆಯ ಮಾದರಿ ಭಾಗ ಒಂದೆರಡು ದಿನದಲ್ಲಿ ಕೈಗೆ ಸಿಗುತ್ತದೆ. ಮೂರನೆಯದು ಸಾಫ್ಟ್‌ವೇರ್. ಹಳೆಯ ಮಾದರಿಯ ದುಬಾರಿ ಕಾರಿನಲ್ಲಿ ನೂರರ ಹತ್ತಿರ ಸಣ್ಣ ಕಂಪ್ಯೂಟರುಗಳು, ಬೇರೆ ಬೇರೆ ಪೂರೈಕೆದಾರರ ಬೇರೆ ಬೇರೆ ಪ್ರೋಗ್ರಾಮುಗಳು, ಕಿಲೋಮೀಟರ್‌ಗಟ್ಟಲೆ ವೈರು. ಒಂದು ಬದಲಿಸಿದರೆ ಹತ್ತು ಕಡೆ ಪರೀಕ್ಷೆ. ಅದನ್ನು ಮೂರು ನಾಲ್ಕು ದೊಡ್ಡ ಕಂಪ್ಯೂಟರುಗಳಿಗೆ ಇಳಿಸಿದವರು ಮುಂದೆ ಹೋದರು. ಫೋಕ್ಸ್‌ವ್ಯಾಗನ್ ತನ್ನ ಸಾಫ್ಟ್‌ವೇರ್ ವಿಭಾಗದ ತಡದಿಂದಾಗಿ ಪೋರ್ಷೆ, ಆಡಿ ಕಾರುಗಳನ್ನೇ ಮುಂದೂಡಬೇಕಾಯಿತು. 2023ರಲ್ಲಿ ಚೀನಾದ ಎಕ್ಸ್‌ಪೆಂಗ್‌ನಲ್ಲಿ 70 ಕೋಟಿ ಡಾಲರ್ ಹಾಕಿ ಅವರಿಂದ ಕಲಿಯಲು ಕುಳಿತಿತು. ಮೊದಲು ಚೀನಾದವರು ತಂತ್ರಜ್ಞಾನಕ್ಕಾಗಿ ಜರ್ಮನಿಯ ಬಾಗಿಲು ತಟ್ಟುತ್ತಿದ್ದರು.

ಹಾಗೆಂದು ಚೀನಾದಲ್ಲಿ ಎಲ್ಲ ಚೆನ್ನಾಗಿದೆ ಎಂದುಕೊಳ್ಳಬೇಡಿ. 2023ರ ಜನವರಿಯಲ್ಲಿ ಟೆಸ್ಲಾ ಬೆಲೆ ಇಳಿಸಿದ ಮೇಲೆ ಶುರುವಾದ ಬೆಲೆ ಸಮರ ಎಲ್ಲರನ್ನೂ ಸುಡುತ್ತಿದೆ. ಅದಕ್ಕೆ ಎಣ್ಣೆ ಸುರಿದದ್ದು ಲಿಥಿಯಂ. 2022ರ ಕೊನೆಯಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ 6 ಲಕ್ಷ ಯುವಾನ್ ಹತ್ತಿರ ಇದ್ದದ್ದು 2025ರ ನಡುವಿಗೆ ಸುಮಾರು 60 ಸಾವಿರಕ್ಕೆ ಬಿತ್ತು. ಕಿಲೋವಾಟ್ ಅವರ್‌ಗೆ ಸುಮಾರು 600 ಗ್ರಾಂ ಲೆಕ್ಕದಲ್ಲಿ, 60 ಕಿಲೋವಾಟ್ ಅವರ್ ಕಾರಿಗೆ 36 ಕಿಲೋ ಬೇಕು. ಆಗ ಅದರ ಬೆಲೆ 21,600 ಯುವಾನ್, ಆಮೇಲೆ 2,160. ಒಂದು ಕಾರಿಗೆ ಎರಡು ಲಕ್ಷ ರೂಪಾಯಿಗೂ ಮೀರಿದ ಉಳಿತಾಯ, ಅಷ್ಟೂ ರಿಯಾಯಿತಿಯಲ್ಲೇ ಕರಗಿಹೋಯಿತು. ನೋವು ಬಿದ್ದದ್ದು ಬಿಡಿಭಾಗದವರ ಮೇಲೆ. ತಿಂಗಳುಗಟ್ಟಲೆ ಹಣ ಬಾಕಿ ಉಳಿಯುವುದು ಮಾಮೂಲಾಗಿ, ಕೊನೆಗೆ 2025ರ ಜೂನ್‌ನಲ್ಲಿ ದೊಡ್ಡ ಕಂಪನಿಗಳೆಲ್ಲ 60 ದಿನದೊಳಗೆ ಪಾವತಿ ಮಾಡುತ್ತೇವೆ ಎಂದು ಮಾತು ಕೊಡಬೇಕಾಯಿತು. ನಮ್ಮಲ್ಲಿ 2006ರ ಎಂಎಸ್ಎಂಇ ಕಾಯಿದೆ ಸಣ್ಣ ಉದ್ದಿಮೆಗೆ ಹಣ ಪಾವತಿಸಲು 45 ದಿನದ ಮಿತಿ ಹಾಕಿದೆ. ಆ ಮಿತಿ ಮೀರಿದರೆ ಬಾಕಿ ಉಳಿಸಿಕೊಂಡವನಿಗೆ ಆ ವರ್ಷದ ಆದಾಯ ತೆರಿಗೆಯಲ್ಲಿ ಆ ಖರ್ಚು ಸಿಗುವುದಿಲ್ಲ. ಇವಿ ಕಂಪನಿಗಳ ಜೊತೆ ವ್ಯವಹರಿಸುವಾಗ ಈ ಅಸ್ತ್ರವನ್ನು ಒರೆಯೊಳಗೇ ಇಟ್ಟುಕೊಳ್ಳಬೇಡಿ. ಆರ್ಡರಿನಲ್ಲೇ ದಿನ ಬರೆಸಿಕೊಳ್ಳಿ.

ಆತುರದ ಇನ್ನೊಂದು ಬೆಲೆ ಜೀವ. 2025ರ ಮಾರ್ಚ್ ಕೊನೆಯಲ್ಲಿ ಅನ್‌ಹುಯಿ ಪ್ರಾಂತ್ಯದ ಹೆದ್ದಾರಿಯಲ್ಲಿ ಕೆಲವೇ ಸೆಕೆಂಡು ಮುಂಚಿನವರೆಗೂ ಚಾಲಕ ಸಹಾಯ ವ್ಯವಸ್ಥೆಯಲ್ಲಿ ಓಡುತ್ತಿದ್ದ ವಿದ್ಯುತ್ ಕಾರು ತಡೆಗೋಡೆಗೆ ಬಡಿದು ಮೂವರು ವಿದ್ಯಾರ್ಥಿನಿಯರು ಸತ್ತರು. ಅದಾದ ಮೇಲೆ ಸರ್ಕಾರ ಸ್ವಯಂಚಾಲನೆ ಎಂಬ ಜಾಹೀರಾತು ಮಾತಿಗೆ ಕಡಿವಾಣ ಹಾಕಿತು. 2026ರ ಜುಲೈ 1ರಿಂದ ಜಾರಿ ಎಂದು ಗೊತ್ತುಮಾಡಿದ ಹೊಸ ಬ್ಯಾಟರಿ ಮಾನಕದ ಪ್ರಕಾರ, ಒಂದು ಸೆಲ್ಲು ಹತೋಟಿ ತಪ್ಪಿ ಕಾದರೂ ಬೆಂಕಿಯಾಗಲಿ ಸ್ಫೋಟವಾಗಲಿ ಆಗಕೂಡದು. ಹಳೆಯ ನಿಯಮ ಬೆಂಕಿಗೆ ಐದು ನಿಮಿಷ ಮುಂಚೆ ಎಚ್ಚರಿಸಿದರೆ ಸಾಕು ಎನ್ನುತ್ತಿತ್ತು. ನಮ್ಮಲ್ಲೂ ಇಂಥ ಕಟ್ಟುನಿಟ್ಟು ಬೇಗ ಬರಬೇಕು ಎಂಬುದು ನಮ್ಮ ಆಸೆ.

ಈಗ ಪೀಣ್ಯದ ಮಾತಿಗೆ ಬರೋಣ. ನಿಮ್ಮಲ್ಲಿ ಹಲವರು ವಾಲ್ವ್ ಗೈಡ್, ಇಂಜೆಕ್ಟರ್ ಬಾಡಿ, ಕ್ಯಾಮ್ ಶಾಫ್ಟ್, ಕ್ಲಚ್ ಭಾಗ ಮಾಡುವವರು. ಇವ್ಯಾವುವೂ ವಿದ್ಯುತ್ ಕಾರಿನಲ್ಲಿಲ್ಲ. ನಾಳೆಯೇ ನಿಲ್ಲುವುದಿಲ್ಲ, ಆದರೆ ಹೊಸ ಯಂತ್ರಕ್ಕೆ ಏಳು ವರ್ಷದ ಸಾಲ ಮಾಡುವ ಮುಂಚೆ ಆ ಭಾಗ ಏಳು ವರ್ಷ ಇರುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಕೈಗೆ ಎಟಕುವ ಕೆಲಸ ಯಾವುದು? ಗೇರು ಇದ್ದೇ ಇದೆ. ಮೋಟಾರು ನಿಮಿಷಕ್ಕೆ 15-16 ಸಾವಿರ ಸುತ್ತು ತಿರುಗುವುದನ್ನು ಸುಮಾರು ಒಂಬತ್ತು ಹತ್ತರಲ್ಲಿ ಒಂದಕ್ಕೆ ಇಳಿಸುವ ಗೇರ್ ಬಾಕ್ಸ್ ಬೇಕೇ ಬೇಕು. ಎಂಜಿನ್ ಸದ್ದಿನಲ್ಲಿ ಮುಚ್ಚಿಹೋಗುತ್ತಿದ್ದ ಗೇರಿನ ಕೊರೆತ ಇಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಹಾಬಿಂಗ್ ಮಾಡಿ, ಅಂದರೆ ಹಲ್ಲು ಕೊರೆದು, ಬಿಟ್ಟರೆ ಸಾಲದು. ಗಟ್ಟಿ ಮಾಡಿದ ನಂತರ ಹಲ್ಲಿನ ಗ್ರೈಂಡಿಂಗ್ ಬೇಕು, ಹಲ್ಲಿನ ಮೇಲ್ಮೈಯ ಅಲೆಯನ್ನು ಅಳೆಯುವ ಉಪಕರಣ ಬೇಕು. ಮೋಟಾರಿನ ಅಲ್ಯೂಮಿನಿಯಂ ಹೊದಿಕೆಯೊಳಗೆ ನೀರು ಹರಿಯುವ ದಾರಿ ಇರುತ್ತದೆ. ಎರಕದಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಸೋರುತ್ತದೆ. ಪ್ರತಿ ಪೀಸ್‌ಗೂ ಲೀಕ್ ಟೆಸ್ಟ್ ಮಾಡದೆ ಕಳಿಸಿದರೆ ವಾಪಸು ಬರುವುದು ಬರೀ ಹೊದಿಕೆಯಲ್ಲ, ಇಡೀ ಮೋಟಾರು.

ಬಸ್‌ಬಾರ್ ಸುಲಭದ ಕೆಲಸ ಎಂದು ಹಲವರು ಕೈಹಾಕುತ್ತಾರೆ. ಸೆಲ್ಲಿನಿಂದ ಸೆಲ್ಲಿಗೆ ಕರೆಂಟು ಒಯ್ಯುವ ತಾಮ್ರದ ಪಟ್ಟಿ, ನಾಲ್ಕು ತೂತು, ಎರಡು ಬಾಗು. ಲೆಕ್ಕ ಹಾಕಿ ನೋಡಿ. ಜೋಡಣೆಯಲ್ಲಿ ಬರ್ ಅಥವಾ ತುಕ್ಕಿನ ಪದರ ಉಳಿದು ಒಂದು ಮಿಲಿಓಮ್ ತಡೆ ಹುಟ್ಟಿತು ಎಂದುಕೊಳ್ಳಿ. 200 ಆಂಪಿಯರ್ ಹರಿದರೆ 200ರ ವರ್ಗ ಗುಣಿಸು 0.001, ಅಂದರೆ 40 ವಾಟ್. ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಯ ಶಾಖ, ಅದೂ ಸೆಲ್ಲಿನ ತಲೆಯ ಮೇಲೆ. ಅದನ್ನು ಹತ್ತನೇ ಒಂದಕ್ಕೆ ಇಳಿಸಿದರೆ 4 ವಾಟ್. ಹಾಗಾಗಿ ಅಂಚು ನಯ ಮಾಡುವುದು, ತವರ ಅಥವಾ ನಿಕಲ್ ಲೇಪದ ದಪ್ಪ, ಮೇಲ್ಮೈ ಸಮತಟ್ಟು, ಟಾರ್ಕ್ ವ್ರೆಂಚಿನ ಕ್ಯಾಲಿಬ್ರೇಷನ್ ದಾಖಲೆ, ಇವೇ ಆ ಭಾಗದ ಬೆಲೆ. ತಾಮ್ರ ಯಾರಾದರೂ ಕತ್ತರಿಸುತ್ತಾರೆ.

ಅಯಸ್ಕಾಂತದ ವಿಷಯದಲ್ಲಿ ನಮ್ಮ ಕೈ ಸದ್ಯಕ್ಕೆ ಕಟ್ಟಿದೆ. ಮೋಟಾರಿನೊಳಗಿನ ನಿಯೋಡಿಮಿಯಂ ಅಯಸ್ಕಾಂತ ಬಿಸಿಯಲ್ಲೂ ಬಲ ಉಳಿಸಿಕೊಳ್ಳಲು ಡಿಸ್ಪ್ರೋಸಿಯಂ, ಟರ್ಬಿಯಂ ಬೇಕು. ಚೀನಾ 2025ರ ಏಪ್ರಿಲ್ 4ರಂದು ಇವೂ ಸೇರಿ ಏಳು ವಿರಳ ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಜಪಾನಿನಲ್ಲಿ ಸುಜುಕಿ ಸ್ವಿಫ್ಟ್ ಉತ್ಪಾದನೆ ನಿಂತಿತು, ಶಿಕಾಗೋದಲ್ಲಿ ಫೋರ್ಡ್ ಕಾರ್ಖಾನೆ ಒಂದು ವಾರ ನಿಂತಿತು, ನಮ್ಮಲ್ಲಿ ವಿದ್ಯುತ್ ಸ್ಕೂಟರ್ ಉತ್ಪಾದನೆ ಕುಗ್ಗಿತು. ಭಾರತ ಸರ್ಕಾರ ಆ ನವೆಂಬರಿನಲ್ಲಿ 7,280 ಕೋಟಿ ರೂಪಾಯಿಯ ಅಯಸ್ಕಾಂತ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಗುರಿ ವರ್ಷಕ್ಕೆ 6,000 ಟನ್. ಅಯಸ್ಕಾಂತವೇ ಬೇಡದ ದಾರಿಯೂ ಇದೆ: ಬಿಎಂಡಬ್ಲ್ಯು, ರೆನೊ ತಮ್ಮ ಕೆಲವು ಮೋಟಾರುಗಳ ರೋಟರಿಗೆ ತಾಮ್ರದ ತಂತಿಯನ್ನೇ ಸುತ್ತುತ್ತವೆ. ಸುತ್ತುವ ಕೆಲಸ ಹೆಚ್ಚು, ಮೋಟಾರು ಸ್ವಲ್ಪ ದೊಡ್ಡದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಕೈಹಾಕಬಹುದಾದ ಕೆಲಸ ಇದು.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತಿದ್ದೇವೆ.

ಬಿಡದಿಯಲ್ಲಿ ಟೊಯೋಟ ಹೈಬ್ರಿಡ್ ಮಾಡುತ್ತಿದೆಯಲ್ಲ, ಅದೇ ಸರಿ ದಾರಿ ಅಲ್ಲವೇ ಎಂದು ಒಬ್ಬರು ಕೇಳಿದರು. ಒಂದು ದೊಡ್ಡ ವಿದ್ಯುತ್ ಕಾರಿಗೆ ಬೇಕಾದ ಖನಿಜದಲ್ಲಿ 90 ಹೈಬ್ರಿಡ್ ಮಾಡಬಹುದು ಎಂಬುದು ಟೊಯೋಟದ ವಾದ. ಸೆಲ್ ಸಿಗುವುದು ಕಷ್ಟವಿರುವ ದೇಶಕ್ಕೆ ಅದರಲ್ಲಿ ತೂಕವಿದೆ. ಆದರೆ ಚೀನಾದಲ್ಲಿ ಅದೇ ಟೊಯೋಟ, ಅಲ್ಲಿನ ಜಿಎಸಿ ಕಂಪನಿ ಜೊತೆ ಸೇರಿ, 2025ರಲ್ಲಿ 1.1 ಲಕ್ಷ ಯುವಾನ್ ಒಳಗಿನ ವಿದ್ಯುತ್ ಕಾರು ಬಿಟ್ಟಿದೆ. ಸೆಲ್ ಅಗ್ಗವಾಗಿ ಸಿಗುವ ಕಡೆ ಅದರ ಲೆಕ್ಕವೂ ಬೇರೆಯಾಯಿತು.

ಎಲ್‌ಎಫ್‌ಪಿ ಕಾರು ಇರುವ ಇನ್ನೊಬ್ಬರ ಪ್ರಶ್ನೆ: ಶೇ 20 ತೋರಿಸುತ್ತಿದ್ದದ್ದು ಥಟ್ಟನೆ 10ಕ್ಕೆ ಇಳಿಯಿತು, ಬ್ಯಾಟರಿ ಕೆಟ್ಟಿದೆಯೇ? ಬಹುತೇಕ ಸಲ ಕೆಟ್ಟಿರುವುದಿಲ್ಲ. ಈ ಸೆಲ್ಲಿನ ವೋಲ್ಟೇಜ್ ಶೇ 90ರಿಂದ 20ರವರೆಗೆ ಹೆಚ್ಚುಕಡಿಮೆ ಸಮತಟ್ಟಾಗಿರುತ್ತದೆ, ಹಾಗಾಗಿ ಕಂಪ್ಯೂಟರಿಗೆ ಒಳಗೆ ಎಷ್ಟಿದೆ ಎಂದು ವೋಲ್ಟೇಜ್ ನೋಡಿ ಹೇಳಲು ಆಗುವುದಿಲ್ಲ. ಒಳಹೋದ, ಹೊರಬಂದ ಕರೆಂಟನ್ನು ಕೂಡಿ ಕಳೆದು ಅಂದಾಜು ಮಾಡುತ್ತದೆ. ದಿನ ಕಳೆದಂತೆ ಆ ಅಂದಾಜು ತಪ್ಪುತ್ತದೆ. ವಾರಕ್ಕೊಮ್ಮೆಯಾದರೂ ನಿಧಾನದ ಚಾರ್ಜರ್‌ನಲ್ಲಿ ಪೂರ್ತಿ 100ಕ್ಕೆ ತಂದು, ಸೆಲ್‌ಗಳು ಸಮವಾಗಲು ಒಂದಷ್ಟು ಹೊತ್ತು ಹಾಗೇ ಬಿಡಿ.

ಕೊನೆಯ ಪ್ರಶ್ನೆ ಮಂಡ್ಯದ ಲಿಥಿಯಂ ಬಗ್ಗೆ. ಮಾರ್ಲಗಲ್ಲ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿರುವುದು 1,600 ಟನ್. ಒಂದು 60 ಕಿಲೋವಾಟ್ ಅವರ್ ಕಾರಿನಲ್ಲಿ ಲೋಹದ ಲೆಕ್ಕದಲ್ಲಿ 7 ಕಿಲೋಗೆ ಸ್ವಲ್ಪ ಕಡಿಮೆ ಲಿಥಿಯಂ ಇರುತ್ತದೆ. ಒಂದು ಗ್ರಾಮೂ ಪೋಲಾಗದೆ ತೆಗೆದರೂ ಎರಡೂಕಾಲು, ಎರಡೂವರೆ ಲಕ್ಷ ಕಾರು. ಭಾರತದಲ್ಲಿ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಕಾರು ಮಾರುತ್ತೇವೆ. ಹಾಗಾಗಿ ಮಂಡ್ಯಕ್ಕಿಂತ ದೇವನಹಳ್ಳಿಯ ಕಡೆ ಹೆಚ್ಚು ಗಮನ ಇಡಿ. ಅಲ್ಲಿ ಎಕ್ಸೈಡ್ ಕಂಪನಿ 12 ಗಿಗಾವಾಟ್ ಅವರ್ ಸಾಮರ್ಥ್ಯದ ಸೆಲ್ ಕಾರ್ಖಾನೆ ಕಟ್ಟುತ್ತಿದೆ, ತಂತ್ರಜ್ಞಾನ ಚೀನಾದ ಎಸ್‌ವೋಲ್ಟ್‌ನದು. 2025ರ ಜುಲೈಯಿಂದ ಚೀನಾ ಎಲ್‌ಎಫ್‌ಪಿ ಪುಡಿ ತಯಾರಿಸುವ ತಂತ್ರಜ್ಞಾನವನ್ನೂ ಪರವಾನಗಿಯ ಪಟ್ಟಿಗೆ ಸೇರಿಸಿದೆ; ಮುಂದೆ ಇಂಥ ಒಪ್ಪಂದ ಸುಲಭಕ್ಕೆ ಸಿಗಲಾರದು. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಅಂಥ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದರೆ, ಮೊದಲ ಎರಡು ವರ್ಷ ಹಾಳೆಗೆ ಹಿಟ್ಟು ಬಳಿಯುವ ಯಂತ್ರದ ಪಕ್ಕ, ಒಣಗಿಸುವ ಒಲೆಯ ಪಕ್ಕ ಪಾಳಿ ಕೇಳಿ ಪಡೆಯಿರಿ. ಪ್ರತಿ ರೋಲಿನ ಬಿಸಿ, ವೇಗ, ಗಾಳಿ, ಮೂರು ವಾರದ ನಂತರ ಆ ರೋಲಿನ ಸೆಲ್‌ಗಳಿಗೆ ಬಂದ ಫಲಿತಾಂಶ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದಿಡಿ.